ಬೇಡದವರ ಮತದಿಂದ ಸಿಕ್ಕ ಕುರ್ಚಿ: ಫ್ರಾನ್ಸಿನ ರೋನ್-ಆಲ್ಪ್ಸ್ ಸಭೆಯಲ್ಲಿ 1998ರಲ್ಲಿ ನಡೆದದ್ದೇನು?

2024ರ ಜೂನ್‌ನಲ್ಲಿ ಫ್ರಾನ್ಸಿನ ಹಳೆಯ ಬಲಪಂಥೀಯ ಪಕ್ಷ ‘ರಿಪಬ್ಲಿಕನ್ಸ್’ನ ಅಧ್ಯಕ್ಷ ಎರಿಕ್ ಸಿಯೋಟಿ ಒಂದು ಘೋಷಣೆ ಮಾಡಿದರು. ಸಂಸತ್ ಚುನಾವಣೆಯಲ್ಲಿ ಮರೀನ್ ಲೆ ಪೆನ್ ಅವರ ‘ನ್ಯಾಷನಲ್ ರ‍್ಯಾಲಿ’ ಜೊತೆ ಮೈತ್ರಿ ಮಾಡಿಕೊಳ್ಳುತ್ತೇವೆ ಅಂತ. ಪಕ್ಷದ ಉಳಿದ ನಾಯಕರು ಅವರನ್ನೇ ಉಚ್ಚಾಟಿಸಲು ಹೊರಟರು. ಸಿಯೋಟಿ ಪಕ್ಷದ ಕಚೇರಿಯ ಬಾಗಿಲು ಮುಚ್ಚಿಸಿದರು, ಪ್ರಕರಣ ಕೋರ್ಟಿಗೆ ಹೋಯಿತು, ಕೋರ್ಟು ಉಚ್ಚಾಟನೆಗೆ ತಡೆ ಕೊಟ್ಟಿತು. ಕೊನೆಗೆ ಅವರು ಬೇರೆ ಪಕ್ಷ ಕಟ್ಟಿಕೊಂಡರು. ನಮ್ಮ ಟಿವಿ ಚಾನೆಲ್‌ಗಳಲ್ಲಿ ಇದು ಎರಡು ನಿಮಿಷದ ತಮಾಷೆ ಸುದ್ದಿಯಾಗಿ ಬಂದು ಹೋಯಿತು. ಆದರೆ ಫ್ರಾನ್ಸಿನ ಹಿರಿಯ ಮತದಾರರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಇದೇ ಜಗಳವನ್ನು ಅವರು 26 ವರ್ಷಗಳ ಹಿಂದೆ ಲಿಯೋನ್ ನಗರದ ಪಕ್ಕದ ಒಂದು ಸಭಾಂಗಣದಲ್ಲಿ ನೋಡಿದ್ದರು. ಆ ಸಭೆ ಈಗ ಇಲ್ಲ. ಆ ಪ್ರಾಂತ್ಯವೂ ಆ ಹೆಸರಿನಲ್ಲಿ ಇಲ್ಲ.

ಅದು ರೋನ್-ಆಲ್ಪ್ಸ್ ಪ್ರಾದೇಶಿಕ ಸಭೆ. ಅದರ ಅಧ್ಯಕ್ಷರ ಹೆಸರು ಶಾರ್ಲ್ ಮಿಯೋನ್.

ಪ್ರಾದೇಶಿಕ ಸಭೆ ಅಂದರೆ ಏನು ಅನ್ನುವುದನ್ನು ಮೊದಲು ಹೇಳಿಬಿಡಬೇಕು. ನಮ್ಮ ವಿಧಾನಸಭೆಯ ಹಾಗೆ ಕಾನೂನು ಮಾಡುವ ಅಧಿಕಾರ ಅದಕ್ಕಿಲ್ಲ. ಪೊಲೀಸ್ ಇಲಾಖೆ ಅದರ ಕೈಯಲ್ಲಿಲ್ಲ. ಫ್ರಾನ್ಸ್ ಬಹಳ ಕಾಲ ಪ್ಯಾರಿಸ್‌ನಿಂದಲೇ ಆಳಲ್ಪಟ್ಟ ದೇಶ. 1972ರ ಕಾನೂನು ಪ್ರಾಂತ್ಯಗಳಿಗೆ ಒಂದು ಸಣ್ಣ ಆಡಳಿತ ರೂಪ ಕೊಟ್ಟಿತು, 1982ರ ವಿಕೇಂದ್ರೀಕರಣ ಕಾನೂನು ಅವಕ್ಕೆ ಚುನಾಯಿತ ಸಭೆಯನ್ನು ಕೊಟ್ಟಿತು. ಜನರು ಈ ಸಭೆಗಳಿಗೆ ನೇರವಾಗಿ ಮತ ಹಾಕಿದ್ದು 1986ರ ಮಾರ್ಚ್‌ನಲ್ಲಿ, ಅದೇ ಮೊದಲು. ಹೈಸ್ಕೂಲು ದಾಟಿದ ಮಕ್ಕಳು ಓದುವ ‘ಲಿಸೆ’ ಎಂಬ ಶಾಲೆಗಳ ಕಟ್ಟಡ ಕಟ್ಟುವುದು, ದುರಸ್ತಿ ಮಾಡುವುದು, ಕೆಲಸ ಕಲಿಸುವ ತರಬೇತಿ ಕೇಂದ್ರಗಳಿಗೆ ಹಣ ಕೊಡುವುದು, ಊರಿಂದ ಊರಿಗೆ ಓಡುವ ಲೋಕಲ್ ರೈಲುಗಳು, ನಾಟಕ-ಸಂಗೀತ-ಸಿನಿಮಾ ಸಂಘಗಳಿಗೆ ಅನುದಾನ. ಇಷ್ಟು ಅದರ ಮುಖ್ಯ ಕೆಲಸ. ಕೇಳಲಿಕ್ಕೆ ಸಣ್ಣದು ಅನಿಸಬಹುದು. ಆದರೆ ಊರಿನ ಹುಡುಗನೊಬ್ಬ ಯಾವ ಶಾಲೆಯಲ್ಲಿ ಕೂರುತ್ತಾನೆ, ಓದು ಬಿಟ್ಟರೆ ಎಲ್ಲಿ ಕೆಲಸ ಕಲಿಯುತ್ತಾನೆ, ಪೇಟೆಗೆ ಹೋಗಲು ಅವನಿಗೆ ರೈಲು ಇದೆಯಾ ಎನ್ನುವುದೆಲ್ಲ ಇಲ್ಲೇ ತೀರ್ಮಾನವಾಗುತ್ತದೆ.

ರೋನ್-ಆಲ್ಪ್ಸ್ ಆಗಿನ 22 ಪ್ರಾಂತ್ಯಗಳಲ್ಲಿ ದೊಡ್ಡವುಗಳಲ್ಲಿ ಒಂದು. ಎಂಟು ಜಿಲ್ಲೆಗಳು: ಏನ್, ಆರ್ದೆಶ್, ದ್ರೋಮ್, ಇಸೇರ್, ಲ್ವಾರ್, ರೋನ್, ಸವ್ವಾ, ಓತ್-ಸವ್ವಾ. ಲಿಯೋನ್, ಗ್ರೆನೋಬಲ್, ಸ್ಯಾಂತೆತಿಯೆನ್‌ನಂತಹ ಕಾರ್ಖಾನೆ ನಗರಗಳು ಒಂದು ಕಡೆ, ಆಲ್ಪ್ಸ್ ಪರ್ವತದ ಹಳ್ಳಿಗಳು ಇನ್ನೊಂದು ಕಡೆ. ಕಾರ್ಖಾನೆಗಳಲ್ಲಿ ದುಡಿಯಲು ಅಲ್ಜೀರಿಯ, ಮೊರೊಕ್ಕೊ, ಟ್ಯುನೀಶಿಯಾಗಳಿಂದ ಬಂದ ಕುಟುಂಬಗಳು ಲಿಯೋನಿನ ಸುತ್ತಲಿನ ಹೊರವಲಯದಲ್ಲಿ ನೆಲೆಸಿದ್ದವು. ಹಾಗಾಗಿ ಈ ಸಭೆಯ ಕುರ್ಚಿಯಲ್ಲಿ ಯಾರು, ಯಾರ ಮತದಿಂದ ಕೂರುತ್ತಾರೆ ಎನ್ನುವುದು ಬರೀ ರಾಜಕಾರಣಿಗಳ ಲೆಕ್ಕಾಚಾರವಾಗಿ ಉಳಿಯಲಿಲ್ಲ.

1983ರ ಎರಡು ಘಟನೆಗಳು

ಈ ಕತೆಗೆ ಒಂದು ಹಿನ್ನೆಲೆ ಇದೆ. 1983ರಲ್ಲಿ, ಕೆಲವೇ ವಾರಗಳ ಅಂತರದಲ್ಲಿ ಫ್ರಾನ್ಸಿನಲ್ಲಿ ಎರಡು ಸಂಗತಿ ನಡೆದವು.

ಒಂದು, ಲಿಯೋನ್ ಹೊರವಲಯದ ವೆನಿಸ್ಯೂ ಊರಿನ ಮಿಂಗೆತ್ ಬಡಾವಣೆಯದು. ಪೊಲೀಸರ ಜೊತೆ ಸಂಘರ್ಷ ಅಲ್ಲಿ ನಿತ್ಯದ ಮಾತಾಗಿತ್ತು. ಆ ಬೇಸಿಗೆಯಲ್ಲಿ ತೂಮಿ ಜಾಯ್ಜಾ ಎಂಬ ಯುವಕ ಪೊಲೀಸ್ ಗುಂಡೇಟಿನಿಂದ ಗಂಭೀರವಾಗಿ ಗಾಯಗೊಂಡ. ಪ್ರತೀಕಾರಕ್ಕೆ ಹೊರಡುವ ಬದಲು ಆ ಹುಡುಗರು, ಕ್ರಿಸ್ತಿಯಾಂ ದೆಲೋರ್ಮ್ ಎಂಬ ಕ್ಯಾಥೊಲಿಕ್ ಪಾದ್ರಿಯನ್ನೂ ಜೊತೆಗೆ ಸೇರಿಸಿಕೊಂಡು, ಸಮಾನತೆಗಾಗಿ ಕಾಲ್ನಡಿಗೆ ಹೊರಟರು. ಅಕ್ಟೋಬರ್ 15ರಂದು ಮಾರ್ಸೆಯ್‌ನಿಂದ ಬೆರಳೆಣಿಕೆಯ ಜನರೊಂದಿಗೆ ಶುರುವಾದ ಆ ನಡಿಗೆ ಡಿಸೆಂಬರ್ 3ರಂದು ಪ್ಯಾರಿಸ್ ಮುಟ್ಟುವಾಗ ಸುಮಾರು ಒಂದು ಲಕ್ಷ ಜನರ ಮೆರವಣಿಗೆಯಾಗಿತ್ತು. ಅಧ್ಯಕ್ಷ ಮಿತ್ತರಾಂ ಅವರನ್ನು ಕರೆದು ಮಾತಾಡಿದರು, ವಲಸಿಗರಿಗೆ ಹತ್ತು ವರ್ಷದ ವಾಸದ ಕಾರ್ಡಿನ ಭರವಸೆ ಸಿಕ್ಕಿತು.

ಇನ್ನೊಂದು, ಪ್ಯಾರಿಸ್‌ನ ಪಶ್ಚಿಮಕ್ಕಿರುವ ಡ್ರೂ ಎಂಬ ಸಣ್ಣ ಪಟ್ಟಣದ್ದು. ಅಲ್ಲಿನ ನಗರಸಭೆಯ ಚುನಾವಣೆಯ ಎರಡನೇ ಸುತ್ತಿನಲ್ಲಿ ಮುಖ್ಯವಾಹಿನಿಯ ಬಲಪಂಥೀಯರು ಜಾಂ-ಮಾರಿ ಲೆ ಪೆನ್ ಅವರ ‘ನ್ಯಾಷನಲ್ ಫ್ರಂಟ್’ ಜೊತೆ ಒಂದೇ ಪಟ್ಟಿ ಮಾಡಿಕೊಂಡು ಗೆದ್ದರು. ಅಲ್ಲಿಯವರೆಗೆ ಯಾರೂ ಹತ್ತಿರ ಸೇರಿಸದಿದ್ದ ಪಕ್ಷ, ‘ಫ್ರಾನ್ಸ್ ಫ್ರೆಂಚರಿಗೆ ಮೊದಲು’ ಅನ್ನುತ್ತ ವಲಸಿಗರ ಮೇಲೆ ಬೆರಳು ತೋರಿಸುತ್ತಿದ್ದ ಪಕ್ಷ, ಹೀಗೆ ಅಧಿಕಾರದ ಬಾಗಿಲೊಳಗೆ ಕಾಲಿಟ್ಟಿತು.

ಅಲ್ಲಿಂದ ಮುಂದಿನ ಹದಿನೈದು ವರ್ಷ ಬಲಪಂಥದೊಳಗೆ ಇದೇ ಚರ್ಚೆ. ಅವರ ಮತ ತೆಗೆದುಕೊಳ್ಳಬಹುದಾ, ಬಾರದಾ? 1986ರಲ್ಲಿ ಲಾಂಗ್ದಾಕ್-ರುಸಿಯೋನ್‌ನಲ್ಲಿ ಜಾಕ್ ಬ್ಲಾಂ, ಮಾರ್ಸೆಯ್ ಇರುವ ಪ್ರೊವಾನ್ಸ್‌ನಲ್ಲಿ ಜಾಂ-ಕ್ಲೋದ್ ಗೊದಾಂ ನ್ಯಾಷನಲ್ ಫ್ರಂಟ್ ನೆರವಿನಿಂದಲೇ ಪ್ರಾದೇಶಿಕ ಸಭೆ ನಡೆಸಿದರು. ಆಮೇಲೆ ಪಕ್ಷದ ದೊಡ್ಡವರು ಒಂದು ಗೆರೆ ಎಳೆದರು: ಇನ್ನು ಅವರ ಸಹವಾಸ ಬೇಡ. ಗೆರೆ ಎಳೆಯುವುದು ಸುಲಭ. ಸೋಲು ಎದುರಿಗೆ ಬಂದು ನಿಂತಾಗಲೂ ಅದರ ಈಚೆಗೇ ಉಳಿಯುವವರು ಎಷ್ಟು ಮಂದಿ ಅನ್ನುವುದು 1998ರಲ್ಲಿ ಗೊತ್ತಾಯಿತು.

157ರ ಲೆಕ್ಕ

1997ರಲ್ಲಿ ಅಧ್ಯಕ್ಷ ಜಾಕ್ ಶಿರಾಕ್ ಅವಧಿಗೆ ಮುಂಚೆಯೇ ಸಂಸತ್ತು ವಿಸರ್ಜಿಸಿ ಚುನಾವಣೆಗೆ ಹೋದರು, ಸೋತರು. ಸಮಾಜವಾದಿ ಲಿಯೊನೆಲ್ ಜೋಸ್ಪಿನ್ ಪ್ರಧಾನಿಯಾದರು. ಬಲಪಂಥಕ್ಕೆ ಉಳಿದಿದ್ದ ಕೋಟೆ ಅಂದರೆ ಪ್ರಾಂತ್ಯಗಳು. 22ರಲ್ಲಿ ಬಹುಪಾಲು ಅವರ ಕೈಯಲ್ಲಿದ್ದವು. 1998ರ ಮಾರ್ಚ್ 15ರ ಪ್ರಾದೇಶಿಕ ಚುನಾವಣೆಯಲ್ಲಿ ಅವೂ ಕೈತಪ್ಪುವ ಲಕ್ಷಣ ಕಂಡಿತು. ನ್ಯಾಷನಲ್ ಫ್ರಂಟ್ ದೇಶದಾದ್ಯಂತ ಶೇ. 15ರಷ್ಟು ಮತ, 275 ಸ್ಥಾನ ಗಳಿಸಿತು. ಆಗಿನ ಪದ್ಧತಿ ಒಂದೇ ಸುತ್ತಿನ ಅನುಪಾತದ ಚುನಾವಣೆ. ಮತಕ್ಕೆ ತಕ್ಕ ಸೀಟು. ನ್ಯಾಯವಾದದ್ದೇ. ಆದರೆ ಅನೇಕ ಸಭೆಗಳಲ್ಲಿ ಯಾರಿಗೂ ಬಹುಮತ ಬರಲಿಲ್ಲ.

ರೋನ್-ಆಲ್ಪ್ಸ್‌ನಲ್ಲಿ 157 ಸದಸ್ಯರು. ಬಹುಮತಕ್ಕೆ 79 ಬೇಕು. ಎಡಪಕ್ಷಗಳ ಕೂಟಕ್ಕೂ ಅಷ್ಟಿಲ್ಲ, ಬಲಪಂಥದ ಯುಡಿಎಫ್-ಆರ್‌ಪಿಆರ್ ಕೂಟಕ್ಕೂ ಅಷ್ಟಿಲ್ಲ. (ಈ ಯುಡಿಎಫ್‌ಗೂ ಕಾಸರಗೋಡಿನ ಗೋಡೆಗಳ ಮೇಲೆ ಕಾಣುವ ಯುಡಿಎಫ್‌ಗೂ ಏನೇನೂ ಸಂಬಂಧವಿಲ್ಲ, ಇದು 1978ರಲ್ಲಿ ಜಿಸ್ಕಾರ್ ದೆಸ್ತಾಂ ಬೆಂಬಲಿಗರು ಕಟ್ಟಿದ ಮಧ್ಯ-ಬಲ ಪಕ್ಷಗಳ ಒಕ್ಕೂಟ.) ಮಧ್ಯದಲ್ಲಿ ಕೂತವರು ನ್ಯಾಷನಲ್ ಫ್ರಂಟ್‌ನವರು. ಅವರ ನಾಯಕ ಬ್ರೂನೊ ಗೊಲ್ನಿಶ್, ಲಿಯೋನ್ ವಿಶ್ವವಿದ್ಯಾನಿಲಯದಲ್ಲಿ ಜಪಾನೀ ಭಾಷೆ ಕಲಿಸುತ್ತಿದ್ದ ಪ್ರೊಫೆಸರ್. ಮೂರು ರಂಗಗಳ ಪಂಚಾಯತಿನಲ್ಲಿ ಅಧ್ಯಕ್ಷರ ಆಯ್ಕೆ ದಿನದ ಬಿಸಿ ಹೇಗಿರುತ್ತದೆ ಅಂತ ಮಂಜೇಶ್ವರ, ಕುಂಬಳೆ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ನಿಯಮ ಗಮನಿಸಬೇಕು. ಅಧ್ಯಕ್ಷರ ಆಯ್ಕೆಗೆ ಮೊದಲ ಎರಡು ಸುತ್ತಿನಲ್ಲಿ ಪೂರ್ಣ ಬಹುಮತ ಬೇಕು. ಮೂರನೇ ಸುತ್ತಿಗೆ ಹೋದರೆ ಯಾರಿಗೆ ಹೆಚ್ಚು ಮತವೋ ಅವರೇ ಅಧ್ಯಕ್ಷರು. ಅಂದರೆ ನ್ಯಾಷನಲ್ ಫ್ರಂಟ್ ತನ್ನದೇ ಅಭ್ಯರ್ಥಿಗೆ ಮತ ಹಾಕಿ ಸುಮ್ಮನಿದ್ದರೆ, ಉಳಿದ ಎರಡು ಕೂಟಗಳಲ್ಲಿ ಒಂದೆರಡು ಮತ ಹೆಚ್ಚಿದ್ದವರು ಗೆಲ್ಲುತ್ತಾರೆ. ಅದು ಕೈ ಎತ್ತಿದರೆ ಬಲಪಂಥ ಗೆಲ್ಲುತ್ತದೆ.

ನ್ಯಾಷನಲ್ ಫ್ರಂಟ್ ಕೈ ಎತ್ತಲು ರೆಡಿ ಇತ್ತು. ಪಕ್ಷದ ಎರಡನೇ ನಾಯಕ ಬ್ರೂನೊ ಮೆಗ್ರೆ ಬಹಳ ಕಾಲದಿಂದ ಇದೇ ದಾರಿ ಹುಡುಕುತ್ತಿದ್ದರು. ಅವರ ಕಡೆಯಿಂದ ಬಂದ ಪ್ರಸ್ತಾಪ ಬಹಳ ಜಾಣತನದ್ದು. ಸಚಿವಗಿರಿಯ ಹಾಗಿನ ಹುದ್ದೆ ಕೇಳಲಿಲ್ಲ. ಒಂದು ‘ಕನಿಷ್ಠ ಕಾರ್ಯಕ್ರಮ’ ಮುಂದಿಟ್ಟರು: ತೆರಿಗೆ ಏರಿಸಬಾರದು, ಭದ್ರತೆಗೆ ಒತ್ತು ಕೊಡಬೇಕು, ಫ್ರೆಂಚ್ ಸಂಸ್ಕೃತಿಯನ್ನು ಕಾಪಾಡಬೇಕು. ಕೆಲಸ, ಮನೆ, ಸೌಲಭ್ಯ ಎಲ್ಲದರಲ್ಲೂ ಫ್ರೆಂಚರಿಗೆ ಮೊದಲ ಹಕ್ಕು ಅನ್ನುವ ‘ರಾಷ್ಟ್ರೀಯ ಆದ್ಯತೆ’ ಆ ಪಕ್ಷದ ಜೀವಾಳ. ಆ ಮಾತನ್ನೇ ಪಟ್ಟಿಯಿಂದ ಕೈಬಿಟ್ಟರು. ಒಪ್ಪುವವನಿಗೆ ಮುಜುಗರ ಆಗಬಾರದು, ಅಷ್ಟೇ. ಯಾವ ಷರತ್ತೂ ಇಲ್ಲದ ಬೆಂಬಲದ ಬೆಲೆ ಅಂಗಡಿಯಲ್ಲಿ ಬರೆದಿರುವುದಿಲ್ಲ, ಬಿಲ್ಲು ಆಮೇಲೆ ಬರುತ್ತದೆ ಎನ್ನುವುದು ಲಿಯೋನಿನ ಬಲಪಂಥೀಯರಿಗೆ ಗೊತ್ತಿರಲಿಲ್ಲ ಅಂತ ಹೇಳುವುದು ಕಷ್ಟ.

ಮಾರ್ಚ್ 20, ಶುಕ್ರವಾರ. ದೇಶದ ಅನೇಕ ಸಭೆಗಳಲ್ಲಿ ಅಧ್ಯಕ್ಷರ ಆಯ್ಕೆ. ಸಂಜೆಯ ಹೊತ್ತಿಗೆ ಐವರು ನ್ಯಾಷನಲ್ ಫ್ರಂಟ್ ಮತಗಳೊಂದಿಗೆ ಆಯ್ಕೆಯಾಗಿದ್ದರು. ರೋನ್-ಆಲ್ಪ್ಸ್‌ನಲ್ಲಿ ಶಾರ್ಲ್ ಮಿಯೋನ್, ಲಾಂಗ್ದಾಕ್-ರುಸಿಯೋನ್‌ನಲ್ಲಿ ಮತ್ತೆ ಜಾಕ್ ಬ್ಲಾಂ, ಪಿಕಾರ್ದಿಯಲ್ಲಿ ಶಾರ್ಲ್ ಬೋರ್, ಬೂರ್ಗೋನ್‌ನಲ್ಲಿ ಜಾಂ-ಪಿಯರ್ ಸ್ವಾಸೋನ್, ಸಾಂತ್ರ್ ಪ್ರಾಂತ್ಯದಲ್ಲಿ ಬರ್ನಾರ್ ಅರಾಂಗ್.

ಐವರಲ್ಲಿ ದೇಶ ಹೆಚ್ಚು ಬೆಚ್ಚಿಬಿದ್ದದ್ದು ಮಿಯೋನ್ ಹೆಸರು ಕೇಳಿ. ಅವರು ಯಾರೋ ಗಲ್ಲಿ ರಾಜಕಾರಣಿ ಆಗಿರಲಿಲ್ಲ. 1995ರಿಂದ 1997ರವರೆಗೆ ಫ್ರಾನ್ಸಿನ ರಕ್ಷಣಾ ಸಚಿವರು. ಯುವಕರ ಕಡ್ಡಾಯ ಸೇನಾ ಸೇವೆಯನ್ನು ಕೊನೆಗಾಣಿಸುವ ತೀರ್ಮಾನವಾದದ್ದು ಅವರ ಕಾಲದಲ್ಲೇ. ಏನ್ ಜಿಲ್ಲೆಯ ಬೆಲ್ಲೆ ಎಂಬ ಊರಿನ ಮೇಯರ್, 1988ರಿಂದ ರೋನ್-ಆಲ್ಪ್ಸ್ ಸಭೆಯ ಅಧ್ಯಕ್ಷ. ಒಳ್ಳೆಯ ಕ್ಯಾಥೊಲಿಕ್, ಮೆದು ಮಾತಿನ ಮನುಷ್ಯ ಅಂತ ಹೆಸರು. ಗಡಸು ಮಾತಿನವನು ಆ ಮತ ತೆಗೆದುಕೊಂಡರೆ ಜನ ‘ಅವನು ಮೊದಲಿನಿಂದಲೂ ಹಾಗೇ’ ಅನ್ನುತ್ತಾರೆ. ಮರ್ಯಾದಸ್ಥ ಅನಿಸಿಕೊಂಡವನು ತೆಗೆದುಕೊಂಡರೆ ಆ ಮತಕ್ಕೂ ಒಂದು ಮರ್ಯಾದೆ ಬರುತ್ತದೆ. ನ್ಯಾಷನಲ್ ಫ್ರಂಟ್‌ಗೆ ಆ ದಿನ ಸಿಕ್ಕ ದೊಡ್ಡ ಲಾಭ ಇದೇ.

ಮಿಯೋನ್ ಸಮರ್ಥನೆ ಹೀಗಿತ್ತು: ನಾನು ಯಾರ ಜೊತೆಗೂ ಒಪ್ಪಂದ ಮಾಡಿಲ್ಲ, ನನ್ನ ಕಾರ್ಯಕ್ರಮ ನೋಡಿ ಮತ ಹಾಕಿದ್ದಾರೆ, ಮತ ಹಾಕುವವರ ಕೈ ನಾನು ಹೇಗೆ ಹಿಡಿಯಲಿ? ಎಡದವರು ಕಮ್ಯುನಿಸ್ಟರ ಮತ ತೆಗೆದುಕೊಳ್ಳುವಾಗ ತಪ್ಪಿಲ್ಲ, ನಮಗೆ ಮಾತ್ರ ಯಾಕೆ ತಪ್ಪು? ಮೇಲ್ನೋಟಕ್ಕೆ ವಾದದಲ್ಲಿ ಹುರುಳಿದೆ. ಗುಪ್ತ ಮತದಾನದಲ್ಲಿ ಯಾರು ಯಾರಿಗೆ ಹಾಕಿದರು ಅಂತ ತಡೆಯಲು ಆಗುವುದಿಲ್ಲ, ನಿಜ. ಆದರೆ ಬೇಡದ ಮತ ಬಿದ್ದಾಗ ಕುರ್ಚಿ ಬಿಟ್ಟು ಏಳಲು ಆಗುತ್ತದೆ. ಸಾಂತ್ರ್ ಪ್ರಾಂತ್ಯದ ಅರಾಂಗ್ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು. ಅಲ್ಲಿ ಸಮಾಜವಾದಿ ಮಿಶೆಲ್ ಸಪಾನ್ ಅಧ್ಯಕ್ಷರಾದರು. ಪ್ಯಾರಿಸ್ ಇರುವ ಇಲ್-ದ-ಫ್ರಾನ್ಸ್‌ನಲ್ಲಿ ಮಾಜಿ ಪ್ರಧಾನಿ ಎದುವಾರ್ ಬಾಲಾದ್ಯೂರ್ ಮುನ್ನಡೆಸಿದ ಬಲಪಂಥ ನ್ಯಾಷನಲ್ ಫ್ರಂಟ್ ಮತ ಬೇಡವೆಂದಿತು. ದೇಶದ ಅತಿ ಶ್ರೀಮಂತ ಪ್ರಾಂತ್ಯದ ಕುರ್ಚಿ ಸಮಾಜವಾದಿ ಜಾಂ-ಪಾಲ್ ಯೂಶೋನ್ ಪಾಲಾಯಿತು. ಕೈ ಬಿಡಲು ಸಾಧ್ಯವಿತ್ತು, ಬಿಟ್ಟವರೂ ಇದ್ದರು. ಹಾಗಾಗಿ ‘ನಾನೇನು ಮಾಡಲಿ’ ಎಂಬ ಮಿಯೋನ್ ಮಾತು ನಿಲ್ಲುವುದಿಲ್ಲ.

ಮೂರು ದಿನ ಕಳೆದು ಮಾರ್ಚ್ 23ರಂದು ಅಧ್ಯಕ್ಷ ಶಿರಾಕ್ ಟಿವಿಯಲ್ಲಿ ಬಂದರು. ನ್ಯಾಷನಲ್ ಫ್ರಂಟ್ ಸ್ವಭಾವದಲ್ಲೇ ಜನಾಂಗದ್ವೇಷಿ, ಪರಕೀಯರನ್ನು ದ್ವೇಷಿಸುವ ಪಕ್ಷ ಅಂತ ನೇರವಾಗಿ ಹೇಳಿದರು. ಅದರ ಮತದಿಂದ ಕುರ್ಚಿ ಹಿಡಿದವರನ್ನು ಒಪ್ಪಲಿಲ್ಲ. ಇವರೆಲ್ಲ ಅವರದೇ ಕೂಟದವರು ಎನ್ನುವುದನ್ನು ಮರೆಯಬಾರದು. ಯುಡಿಎಫ್ ಮಿಯೋನ್ ಮತ್ತಿತರರನ್ನು ಹೊರಗಿಟ್ಟಿತು. ಲಿಯೋನಿನ ಬೀದಿಗಳಲ್ಲಿ ಪ್ರತಿಭಟನೆ ನಡೆಯಿತು. ಮಿಯೋನ್ ಹಿಂದೆ ಸರಿಯಲಿಲ್ಲ, ಏಪ್ರಿಲ್‌ನಲ್ಲಿ ‘ಲಾ ದ್ರಾತ್’, ಅಂದರೆ ‘ಬಲಪಂಥ’ ಎಂಬ ಹೆಸರಿನಲ್ಲೇ ಹೊಸ ಸಂಘಟನೆ ಕಟ್ಟಿದರು. ಮೇ ತಿಂಗಳಲ್ಲಿ ಅಲಾಂ ಮದಲಾಂ ತಮ್ಮ ಗುಂಪಿನೊಂದಿಗೆ ಯುಡಿಎಫ್‌ನಿಂದ ಹೊರನಡೆದರು. ಒಂದು ಪ್ರಾಂತ್ಯದ ಕುರ್ಚಿ ಉಳಿಸಲು ಹೋಗಿ ಒಂದು ರಾಷ್ಟ್ರೀಯ ಪಕ್ಷವೇ ಒಡೆಯಿತು.

ಹೊರವಲಯದಲ್ಲಿ ಅದರ ಅರ್ಥ

ಪ್ಯಾರಿಸ್‌ನ ಪತ್ರಿಕೆಗಳಿಗೆ ಇದು ಪಕ್ಷ ರಾಜಕೀಯದ ದೊಡ್ಡ ಸುದ್ದಿ. ವೆನಿಸ್ಯೂ, ವೋ-ಆಂ-ವೆಲಾಂ ತರದ ಊರುಗಳಲ್ಲಿ ಅದರ ತೂಕ ಬೇರೆ. 1990ರಲ್ಲಿ ವೋ-ಆಂ-ವೆಲಾಂನಲ್ಲಿ ಪೊಲೀಸ್ ವಾಹನಕ್ಕೆ ಡಿಕ್ಕಿಯಾಗಿ ಬೈಕ್ ಸವಾರ ಯುವಕನೊಬ್ಬ ಸತ್ತು ದಿನಗಟ್ಟಲೆ ಗಲಭೆ ನಡೆದಿತ್ತು. 1994ರ ಸೆಪ್ಟೆಂಬರ್‌ನಲ್ಲಿ, ವರ್ಷಗಟ್ಟಲೆ ವಿರೋಧ, ಕೋರ್ಟು-ಕಚೇರಿ ಎಲ್ಲ ದಾಟಿ ಲಿಯೋನಿನ ದೊಡ್ಡ ಮಸೀದಿಯ ಉದ್ಘಾಟನೆಯಾಗಿತ್ತು. ಮರುವರ್ಷ ಬಾಂಬ್ ಸ್ಫೋಟಗಳ ತನಿಖೆಯಲ್ಲಿ ವೋ-ಆಂ-ವೆಲಾಂನಲ್ಲಿ ಬೆಳೆದ ಖಾಲಿದ್ ಕೆಲ್ಕಾಲ್ ಹೆಸರು ಬಂದು, ಆತ ಪೊಲೀಸರ ಗುಂಡಿಗೆ ಬಲಿಯಾದ. ಒಬ್ಬನ ಅಪರಾಧಕ್ಕೆ ಇಡೀ ಬಡಾವಣೆ ಲೆಕ್ಕ ಕೊಡಬೇಕಾದ ಸ್ಥಿತಿ ಹೇಗಿರುತ್ತದೆ ಅಂತ ಈ ಬರಹ ಓದುವ ಬಹಳ ಜನರಿಗೆ ಗೊತ್ತು.

ಅಂಥ ಹೊತ್ತಿನಲ್ಲಿ ಆ ಬಡಾವಣೆಗಳ ಮಕ್ಕಳು ಓದುವ ಲಿಸೆಗಳ ಬಜೆಟ್ ಪಾಸಾಗಬೇಕಾದರೆ ಗೊಲ್ನಿಶ್ ಗುಂಪು ಕೈ ಎತ್ತಬೇಕು. ಲಿಸೆಗಳ ಆಡಳಿತ ಮಂಡಳಿಯಲ್ಲಿ ಪ್ರಾದೇಶಿಕ ಸಭೆಯ ಪ್ರತಿನಿಧಿಗಳೂ ಇರುತ್ತಾರೆ. ಅರಬ್ ಹೆಸರಿನ ಮಕ್ಕಳು ಈ ದೇಶಕ್ಕೆ ಸೇರಿದವರಲ್ಲ ಎನ್ನುವ ಪಕ್ಷದವನು ಶಾಲೆಯ ಮಂಡಳಿಯಲ್ಲಿ ಕೂತರೆ? ಹೊರವಲಯದ ಸಂಘಕ್ಕೆ ನಾಟಕ ಮಾಡಲು ಅನುದಾನ ಕೇಳಿ ಅರ್ಜಿ ಹಾಕಿದರೆ ಅದು ಯಾರ ಮೇಜಿನ ಮೇಲೆ ಹೋಗುತ್ತದೆ? ‘ಫ್ರೆಂಚ್ ಸಂಸ್ಕೃತಿ ಕಾಪಾಡಬೇಕು’ ಎನ್ನುವ ಕನಿಷ್ಠ ಕಾರ್ಯಕ್ರಮದ ಸಾಲು ಅಲ್ಲಿ ಯಾವ ಅರ್ಥ ಪಡೆಯುತ್ತದೆ? ಇಂಥ ಸಭೆಯಲ್ಲಿ ಭೇದಭಾವದ ಠರಾವು ಯಾರೂ ಬರೆದು ಮಂಡಿಸುವುದಿಲ್ಲ. ಅನುದಾನದ ಪಟ್ಟಿಯಿಂದ ಒಂದು ಹೆಸರು ಬಿಟ್ಟುಹೋಗುತ್ತದೆ, ಕೇಳಿದರೆ ‘ಈ ವರ್ಷ ಹಣ ಸಾಲಲಿಲ್ಲ’ ಅನ್ನುತ್ತಾರೆ. ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡುವುದು ಬಹಳ ಕಷ್ಟ.

ತೀರ್ಪು ಬಂತು, ಕಾರಣ ಬೇರೆ

1998ರ ಡಿಸೆಂಬರ್‌ನಲ್ಲಿ ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ ‘ಕೊನ್ಸೇಯ್ ದೆತಾ’ ಮಿಯೋನ್ ಆಯ್ಕೆಯನ್ನೇ ರದ್ದು ಮಾಡಿತು. ಒಂಬತ್ತು ತಿಂಗಳು ತುಂಬಲು ಕೆಲವೇ ದಿನ ಬಾಕಿ. ತೀರ್ಪಿನ ಕಾರಣ ಕೇಳಿದರೆ ಕೆಲವರಿಗೆ ನಿರಾಸೆಯಾಗಬಹುದು. ನ್ಯಾಷನಲ್ ಫ್ರಂಟ್ ಮತ ಪಡೆದದ್ದು ತಪ್ಪು ಅಂತ ಕೋರ್ಟು ಹೇಳಲಿಲ್ಲ. ಹೇಳಲು ಆಗುವುದೂ ಇಲ್ಲ, ಆ ಸದಸ್ಯರೂ ಜನರಿಂದ ಆರಿಸಿ ಬಂದವರೇ. ಅಧ್ಯಕ್ಷರ ಆಯ್ಕೆಗೆ ಮುಂಚೆ ಸಭೆಯಲ್ಲಿ ಚರ್ಚೆ ನಡೆಯಬಾರದು ಎಂಬ ನಿಯಮವಿದೆ. ಅಂದು ಚರ್ಚೆ ನಡೆದಿತ್ತು. ಅಷ್ಟಕ್ಕೇ ಆಯ್ಕೆ ಬಿದ್ದುಹೋಯಿತು.

ಇಲ್ಲಿ ಎರಡು ವಿಷಯ ಬೇರೆ ಬೇರೆ ಇಟ್ಟುಕೊಳ್ಳಬೇಕು. ಕೋರ್ಟು ವಿಧಾನ ನೋಡಿತು. ನೈತಿಕ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಸಭೆಯ ಸದಸ್ಯರೇ ಆಗಿದ್ದರು. 1999ರ ಜನವರಿಯಲ್ಲಿ ಅವರಿಗೆ ಇನ್ನೊಂದು ಅವಕಾಶ ಸಿಕ್ಕಿತು.

ಈ ಸಲ ಎಡಪಕ್ಷಗಳು ಒಂದು ಲೆಕ್ಕ ಹಾಕಿದವು. ತಮ್ಮ ಅಭ್ಯರ್ಥಿಯನ್ನೇ ಹಿಡಿದು ಕೂತರೆ ಮತ್ತೆ ಮಾರ್ಚ್ 20ರ ಕತೆಯೇ. ಬಲಪಂಥದೊಳಗೇ ಮಿಯೋನ್ ದಾರಿ ಒಪ್ಪದ ಒಂದು ಸಣ್ಣ ಗುಂಪಿತ್ತು. ಅದರಲ್ಲಿ ಆನ್-ಮಾರಿ ಕೊಂಪರಿನಿ, ಲಿಯೋನ್ ಮೇಯರ್ ಆಗಿದ್ದ ಮಾಜಿ ಪ್ರಧಾನಿ ರೇಮಂಡ್ ಬಾರ್ ಅವರ ಆಪ್ತ ವಲಯದವರು, ಯುಡಿಎಫ್ ಸದಸ್ಯೆ. ಎಡಪಕ್ಷಗಳ ಸದಸ್ಯರು ಅವರಿಗೆ ಮತ ಹಾಕಿದರು. ತಮ್ಮ ರಾಜಕೀಯ ಎದುರಾಳಿಗೆ ಕುರ್ಚಿ ಕೊಟ್ಟರು, ತಮಗೆ ಕುರ್ಚಿ ಬೇಡವೆಂದರು. ಕೊಂಪರಿನಿ ಅಧ್ಯಕ್ಷೆಯಾದರು.

ಇದಕ್ಕೆ ಕೊಂಪರಿನಿ ತೆತ್ತ ಬೆಲೆಯೂ ಸಣ್ಣದಲ್ಲ. ಹಳೆಯ ಜೊತೆಗಾರರಲ್ಲಿ ಅನೇಕರಿಗೆ ಅವರು ದ್ರೋಹಿ. ಎಡದವರಿಗೆ ಸದ್ಯಕ್ಕೆ ಸಹಿಸಿಕೊಳ್ಳಬೇಕಾದವರು. ಸ್ವಂತ ಬಹುಮತ ಇಲ್ಲ, ಪ್ರತಿ ವಿಷಯಕ್ಕೂ ಮತ ಹೊಂದಿಸಬೇಕು. ಇಂಥ ಸಭೆಗಳು ನಿಂತೇ ಹೋಗಬಾರದು ಅಂತ 1998ರ ಮಾರ್ಚ್ 7ರಂದು, ಚುನಾವಣೆಗೆ ಒಂದು ವಾರ ಮುಂಚೆ, ಒಂದು ಕಾನೂನು ಬಂದಿತ್ತು. ಬಜೆಟ್ ತಿರಸ್ಕೃತವಾದರೆ ಅಧ್ಯಕ್ಷರು ತಿದ್ದಿದ ಬಜೆಟ್ ತರಬಹುದು. ವಿರೋಧಿಗಳು ಪರ್ಯಾಯ ಬಜೆಟ್ ಮತ್ತು ಪರ್ಯಾಯ ಅಧ್ಯಕ್ಷರ ಹೆಸರು ಎರಡನ್ನೂ ಹಿಡಿದು ಪೂರ್ಣ ಬಹುಮತ ತೋರಿಸದಿದ್ದರೆ ಆ ಬಜೆಟ್ ಪಾಸಾದಂತೆ. ಬೀಳಿಸುವವನು ಕಟ್ಟಲೂ ಸಿದ್ಧನಿರಬೇಕು ಎನ್ನುವ ನಿಯಮ. ನಮ್ಮಲ್ಲೂ ಇಂಥದ್ದೊಂದು ಇದ್ದರೆ ಎಷ್ಟೋ ರೆಸಾರ್ಟ್‌ಗಳ ವ್ಯಾಪಾರ ಕಡಿಮೆಯಾಗುತ್ತಿತ್ತು. ಅದೇನೇ ಇರಲಿ, ಕೊಂಪರಿನಿ 2004ರವರೆಗೂ ಸಭೆಯನ್ನು ನಡೆಸಿದರು.

ನ್ಯಾಷನಲ್ ಫ್ರಂಟ್‌ಗೆ ಏನಾಯಿತು? ಮೈತ್ರಿಯ ದಾರಿ ಹಿಡಿದ ಮೆಗ್ರೆಯನ್ನು ಲೆ ಪೆನ್ 1998ರ ಡಿಸೆಂಬರ್‌ನಲ್ಲೇ ಪಕ್ಷದಿಂದ ಹೊರಗಟ್ಟಿದರು. ಮೆಗ್ರೆ ಬೇರೆ ಪಕ್ಷ ಕಟ್ಟಿದರು. ಎದುರಾಳಿಗಳ ಮನೆ ಒಡೆಯಲು ಹೋದವರ ಮನೆಯೂ ಅದೇ ವರ್ಷ ಒಡೆಯಿತು.

ಇಷ್ಟಕ್ಕೇ ಕತೆ ಮುಗಿಸಿ ‘ಪ್ರಜಾಪ್ರಭುತ್ವ ಗೆದ್ದಿತು’ ಅಂದರೆ ಅರ್ಧ ಸತ್ಯವಾಗುತ್ತದೆ. ಐವರಲ್ಲಿ ಅರಾಂಗ್ ತಾವೇ ಬಿಟ್ಟರು, ಮಿಯೋನ್ ಕೋರ್ಟಿನಿಂದ ಇಳಿದರು. ಉಳಿದ ಮೂವರು, ಬ್ಲಾಂ, ಬೋರ್, ಸ್ವಾಸೋನ್, 2004ರವರೆಗೆ ಪೂರ್ತಿ ಅವಧಿ ಆಳಿದರು. ಬ್ಲಾಂ ಮತ್ತು ಸ್ವಾಸೋನ್ ಆಮೇಲೆ ಶಿರಾಕ್ ಬೆಂಬಲಿಗರ ಹೊಸ ಪಕ್ಷ ಯುಎಂಪಿಯಲ್ಲೇ ಜಾಗ ಪಡೆದರು. ಮಿಯೋನ್ ಕೂಡ 2003ರಲ್ಲಿ ರೋಮ್‌ನಲ್ಲಿರುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗೆ ಫ್ರಾನ್ಸಿನ ರಾಯಭಾರಿಯಾಗಿ ನೇಮಕವಾದರು. ಆಗ ದೇಶದ ಅಧ್ಯಕ್ಷರು? ಅದೇ ಶಿರಾಕ್. 1998ರಲ್ಲಿ ಟಿವಿಯಲ್ಲಿ ಕೇಳಿದ ಕಠಿಣ ಮಾತಿಗೂ ಐದು ವರ್ಷದ ಬಳಿಕ ಕಳಿಸಿದ ನೇಮಕಾತಿ ಪತ್ರಕ್ಕೂ ಇರುವ ದೂರವನ್ನು ಹೊರವಲಯದ ಮತದಾರರು ಹೇಗೆ ಓದಿಕೊಂಡಿರಬಹುದು?

ನಿಯಮ ಬದಲಾಯಿತು, ಅಪಾಯ ಜಾಗ ಬದಲಾಯಿಸಿತು

ಮಾರ್ಚ್ 20ರಂಥ ದಿನ ಮತ್ತೆ ಬರಬಾರದು ಅಂತ ಚುನಾವಣಾ ಪದ್ಧತಿಯನ್ನೇ ಬದಲಿಸಲಾಯಿತು. 1999ರ ಜನವರಿಯ ಕಾನೂನು, ಬಳಿಕ 2003ರ ತಿದ್ದುಪಡಿ. ಈಗ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಶೇ. 10 ಮತ ಪಡೆದ ಪಟ್ಟಿಗೆ ಮಾತ್ರ ಎರಡನೇ ಸುತ್ತು, ಶೇ. 5 ಪಡೆದವರು ಇನ್ನೊಂದು ಪಟ್ಟಿಯ ಜೊತೆ ಸೇರಬಹುದು. ಮೊದಲ ಸ್ಥಾನ ಪಡೆದ ಪಟ್ಟಿಗೆ ಒಟ್ಟು ಸೀಟುಗಳ ಕಾಲು ಭಾಗ ಬೋನಸ್. ಉಳಿದ ಮುಕ್ಕಾಲು ಭಾಗವನ್ನು ಗೆದ್ದವರನ್ನೂ ಸೇರಿಸಿ ಎಲ್ಲರಿಗೂ ಮತಕ್ಕೆ ತಕ್ಕಂತೆ ಹಂಚಿಕೆ. ಹೀಗಾಗಿ ಗೆದ್ದವರಿಗೆ ಸಾಮಾನ್ಯವಾಗಿ ಬಹುಮತ ಖಾತ್ರಿ, ಮಧ್ಯದಲ್ಲಿ ಕೂತು ಚೌಕಾಶಿ ಮಾಡುವವರ ಬಲ ಹೋಯಿತು.

2004ರಲ್ಲಿ ಇದು ಮೊದಲ ಸಲ ಜಾರಿಗೆ ಬಂತು. ಎಡಪಕ್ಷಗಳು 22ರಲ್ಲಿ 20 ಪ್ರಾಂತ್ಯ ಗೆದ್ದವು. ರೋನ್-ಆಲ್ಪ್ಸ್‌ನಲ್ಲಿ ಕೊಂಪರಿನಿ ಸೋತರು. ಐದು ವರ್ಷ ಹಿಂದೆ ಅವರನ್ನು ಕೂರಿಸಿದ ಎಡವೇ ಈಗ ಅವರನ್ನು ಸೋಲಿಸಿತು; ಅದರಲ್ಲಿ ವಂಚನೆ ಏನಿಲ್ಲ, ಅವರಿಬ್ಬರೂ ಮೊದಲಿನಿಂದಲೂ ಎದುರಾಳಿಗಳೇ. ಜೋಸ್ಪಿನ್ ಸರಕಾರದಲ್ಲಿ ಸಚಿವರಾಗಿದ್ದ ಜಾಂ-ಜಾಕ್ ಕೇರಾನ್ ಅಧ್ಯಕ್ಷರಾದರು, 2010ರಲ್ಲಿ ಮತ್ತೆ ಗೆದ್ದರು. 2011ರಲ್ಲಿ ಸಭೆ ಶಾರ್ಬೊನಿಯೇರ್‌ನ ಹಳೆಯ ಕಟ್ಟಡ ಬಿಟ್ಟು ಲಿಯೋನ್ ನಗರದೊಳಗೆ, ಎರಡು ನದಿ ಸೇರುವ ಕೊನ್‌ಫ್ಲುವಾನ್ಸ್ ಪ್ರದೇಶದ ಹೊಸ ಕಟ್ಟಡಕ್ಕೆ ಬಂತು. ಹೊಸ ಮನೆಯಲ್ಲಿ ಅದು ಹೆಚ್ಚು ದಿನ ಬಾಳಲಿಲ್ಲ. 2015ರ ಜನವರಿಯ ಕಾನೂನು ಫ್ರಾನ್ಸಿನ 22 ಪ್ರಾಂತ್ಯಗಳನ್ನು 13ಕ್ಕೆ ಇಳಿಸಿತು. 2016ರ ಜನವರಿ 1ರಿಂದ ಪಕ್ಕದ ಓವೆರ್ನ್ ಸೇರಿ ಓವೆರ್ನ್-ರೋನ್-ಆಲ್ಪ್ಸ್ ಆಯಿತು, ಹೊಸ ಸಭೆಗೆ 204 ಸ್ಥಾನ.

2015ರ ಡಿಸೆಂಬರ್‌ನ ಚುನಾವಣೆಯಲ್ಲಿ ನ್ಯಾಷನಲ್ ಫ್ರಂಟ್ ಮೊದಲ ಸುತ್ತಿನಲ್ಲಿ 13ರಲ್ಲಿ 6 ಪ್ರಾಂತ್ಯಗಳಲ್ಲಿ ಮುಂದಿತ್ತು. ಉತ್ತರದಲ್ಲಿ ಮರೀನ್ ಲೆ ಪೆನ್ ಎದುರು, ಪ್ರೊವಾನ್ಸ್‌ನಲ್ಲಿ ಅವರ ಸೋದರನ ಮಗಳು ಅಲ್ಲ, ಅಕ್ಕನ ಮಗಳು ಮರಿಯೋನ್ ಮರೆಶಾಲ್-ಲೆ ಪೆನ್ ಎದುರು, ಮೂರನೇ ಸ್ಥಾನದಲ್ಲಿದ್ದ ಸಮಾಜವಾದಿಗಳು ತಮ್ಮ ಪಟ್ಟಿಯನ್ನೇ ಹಿಂತೆಗೆದುಕೊಂಡರು. ಬಲಪಂಥದ ಅಭ್ಯರ್ಥಿಗಳು ಗೆದ್ದರು. ಪಟ್ಟಿ ಹಿಂತೆಗೆದುಕೊಂಡದ್ದಕ್ಕೆ ಆ ಎರಡು ಸಭೆಗಳಲ್ಲಿ 2021ರವರೆಗೂ ಎಡಪಕ್ಷಗಳಿಗೆ ಒಂದೇ ಒಂದು ಸೀಟೂ ಇರಲಿಲ್ಲ. ನ್ಯಾಷನಲ್ ಫ್ರಂಟ್‌ಗೆ ಒಂದು ಪ್ರಾಂತ್ಯವೂ ಸಿಗಲಿಲ್ಲ. ಓವೆರ್ನ್-ರೋನ್-ಆಲ್ಪ್ಸ್‌ನಲ್ಲಿ ತ್ರಿಕೋನ ಸ್ಪರ್ಧೆ ನಡೆದು, ರಿಪಬ್ಲಿಕನ್ಸ್‌ನ ಲೊರಾಂ ವೊಕಿಯೆ ಶೇ. 40ಕ್ಕೆ ಸ್ವಲ್ಪ ಹೆಚ್ಚು ಮತ ಪಡೆದು 113 ಸ್ಥಾನ ಗೆದ್ದರು. ಕೇರಾನ್ 57, ನ್ಯಾಷನಲ್ ಫ್ರಂಟ್ 34. ಬೋನಸ್‌ನ ಬಲ ಇಲ್ಲಿ ಕಾಣುತ್ತದೆ.

ಈಗ ಅದೇ ಬೋನಸ್ಸನ್ನು ಇನ್ನೊಂದು ಕಡೆಯಿಂದ ನೋಡಬೇಕು. 204 ಸ್ಥಾನದ ಸಭೆಯಲ್ಲಿ ಮೂರು ಪಟ್ಟಿಗಳು ಎರಡನೇ ಸುತ್ತಿನಲ್ಲಿ ಉಳಿದು ಕ್ರಮವಾಗಿ ಶೇ. 36, 34, 30 ಮತ ಪಡೆದವು ಅಂತ ಇಟ್ಟುಕೊಳ್ಳಿ. ಮೊದಲನೆಯದಕ್ಕೆ ಬೋನಸ್ 51, ಪಾಲಿನ ಸೀಟು 55, ಒಟ್ಟು 106. ಉಳಿದವಕ್ಕೆ 52 ಮತ್ತು 46. ಮೂರರಲ್ಲಿ ಇಬ್ಬರು ಮತದಾರರು ಬೇಡವೆಂದ ಪಟ್ಟಿಗೆ ಸ್ಪಷ್ಟ ಬಹುಮತ. 1998ರಲ್ಲಿ ಶೇ. 15ರ ಪಕ್ಷವಾಗಿದ್ದಾಗ ಕುರ್ಚಿಯ ಪಕ್ಕ ನಿಂತು ಹಗ್ಗ ಹಿಡಿಯಲು ನೋಡಿದವರನ್ನು ಈ ನಿಯಮ ದೂರ ಇಟ್ಟಿತು. ಅದೇ ಪಕ್ಷ ಮೊದಲ ಸ್ಥಾನಕ್ಕೆ ಪೈಪೋಟಿ ನಡೆಸುವಷ್ಟು ಬೆಳೆದಾಗ, ಯಾರ ಹಂಗೂ ಇಲ್ಲದೆ ಪೂರ್ತಿ ಕುರ್ಚಿಯನ್ನೇ ಕೊಡಬಲ್ಲದ್ದೂ ಇದೇ ನಿಯಮ.

ಪ್ಯಾರಿಸ್‌ನ ಸಂಸತ್ತಿನಲ್ಲಿ ಬೋನಸ್ ಇಲ್ಲ. ಅಲ್ಲಿ 1998ರ ರೋನ್-ಆಲ್ಪ್ಸ್ ಸ್ಥಿತಿ ದೊಡ್ಡ ಪ್ರಮಾಣದಲ್ಲಿ ಮರಳಿ ಬಂದಿದೆ. 2024ರ ಜುಲೈನಲ್ಲಿ ಇನ್ನೂರಕ್ಕೂ ಹೆಚ್ಚು ಅಭ್ಯರ್ಥಿಗಳು ಎರಡನೇ ಸುತ್ತಿನಿಂದ ಹಿಂದೆ ಸರಿದದ್ದರಿಂದ ನ್ಯಾಷನಲ್ ರ‍್ಯಾಲಿ ಕೂಟ ಮೂರನೇ ಸ್ಥಾನಕ್ಕೆ ಇಳಿಯಿತು, ಯಾರಿಗೂ ಬಹುಮತ ಸಿಗಲಿಲ್ಲ. ಮಿಶೆಲ್ ಬಾರ್ನಿಯೆ ಪ್ರಧಾನಿಯಾದರು. ಅವರ ಸರಕಾರ ಉಳಿದದ್ದು ನ್ಯಾಷನಲ್ ರ‍್ಯಾಲಿ ಸುಮ್ಮನಿದ್ದಷ್ಟು ದಿನ ಮಾತ್ರ. ಡಿಸೆಂಬರ್ 4ರಂದು ಆ ಪಕ್ಷ ಎಡಪಕ್ಷಗಳ ಅವಿಶ್ವಾಸ ನಿರ್ಣಯಕ್ಕೆ ಮತ ಹಾಕಿತು, ಮೂರೇ ತಿಂಗಳಲ್ಲಿ ಸರಕಾರ ಬಿತ್ತು. ಷರತ್ತಿಲ್ಲದ ಬೆಂಬಲದ ಬಿಲ್ಲು ಈ ಸಲ ಬೇಗನೇ ಬಂತು.

ಮುಂದಿನ ಪ್ರಾದೇಶಿಕ ಚುನಾವಣೆ 2028ಕ್ಕೆ ನಿಗದಿಯಾಗಿದೆ. ಬೋನಸ್ ನಿಯಮ ಹಾಗೇ ಇದ್ದರೆ, ಅಂದಿನ ನಿಜವಾದ ತೀರ್ಮಾನ ಲಿಯೋನಿನ ಸಭಾಂಗಣದಲ್ಲಿ ಆಗುವುದಿಲ್ಲ. ಮೊದಲ ಸುತ್ತು ಮುಗಿದ ಭಾನುವಾರ ರಾತ್ರಿ, ಎರಡನೇ ಸುತ್ತಿಗೆ ಪಟ್ಟಿ ಕೊಡುವ ಗಡುವಿನೊಳಗೆ, ಮೂರನೇ ಸ್ಥಾನದಲ್ಲಿರುವವರು ತಮ್ಮ ಹೆಸರು ಹಿಂತೆಗೆದುಕೊಳ್ಳುತ್ತಾರಾ ಇಲ್ಲವಾ ಎನ್ನುವಲ್ಲಿ ಆಗುತ್ತದೆ.